ಔಷಧಿ ಒಳಗೆ ಹೋಯ್ತಾ? ಒತ್ತಡದ ಸೆನ್ಸರ್ ಹೇಳೋದು ಎಷ್ಟು?

ಕಳೆದ ಸಂಚಿಕೆಯಲ್ಲಿ ಆಸ್ಪತ್ರೆಯ ಸಿರಿಂಜ್ ಪಂಪಿನ ಬಗ್ಗೆ, ಅಂದರೆ ಸಿರಿಂಜಿನ ಔಷಧಿಯನ್ನು ನಿಧಾನಕ್ಕೆ ಮೈಗೆ ತಳ್ಳುವ ಯಂತ್ರದ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಎಲ್ಲ ಕಡೆಯಿಂದಲೂ ಬಂದಿವೆ. ಎಲ್ಲರ ಪ್ರಶ್ನೆಯ ಒಳಗಿರೋದು ಒಂದೇ ಕಳವಳ. ಕೊಟ್ಟ ಔಷಧಿ ನಿಜವಾಗಿ ಮೈಯೊಳಗೆ ಹೋಯ್ತಾ? ಹೋಗದಿದ್ದರೆ ಯಂತ್ರಕ್ಕೆ ಗೊತ್ತಾಗುತ್ತಾ? ಕರಾವಳಿಯ ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಯಂತ್ರದ ವಿಷಯ ನಾನು ಹೇಳ್ತೇನೆ, ಡೋಸಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಅಪ್ಪಯ್ಯನಿಗೆ ಬಿಪಿ ತೀರಾ ಇಳಿದು ಐಸಿಯುನಲ್ಲಿ ಇಟ್ಟಿದ್ದರು. ಮಂಚದ ಪಕ್ಕ ಸಿರಿಂಜ್ ಮಲಗಿಸಿದ ಒಂದು ಯಂತ್ರ. ಬಿಪಿ ಏರಿಸುವ ಔಷಧಿ ಅದರಲ್ಲಿದೆ ಅಂದರು. ರಾತ್ರಿ ನಾಲ್ಕೈದು ಸಲ ಅದು ಕೂಗಿತು, ಪರದೆ ಮೇಲೆ ‘ಆಕ್ಲೂಷನ್’ ಅಂತ ಬಂತು. ಸಿಸ್ಟರ್ ಬಂದು ಬಟನ್ ಒತ್ತಿ ಮತ್ತೆ ಶುರು ಮಾಡಿ ಹೋಗ್ತಿದ್ದರು. ಅಪ್ಪಯ್ಯ ಈಗ ಮನೆಗೆ ಬಂದಿದ್ದಾರೆ, ಆದರೆ ಆ ರಾತ್ರಿ ಮರೆಯೋಕೆ ಆಗ್ತಿಲ್ಲ. ಯಂತ್ರ ಕೆಟ್ಟಿತ್ತಾ? ಕೂಗುವಾಗ ಔಷಧಿ ಹೋಗ್ತಿತ್ತಾ? (ಅಂಕೋಲಾದ ಓದುಗರು)

ಉತ್ತರ: ಅಪ್ಪಯ್ಯ ಮನೆಗೆ ಬಂದರಲ್ಲ, ಮೊದಲು ಅದು ಸಮಾಧಾನ. ನೀವು ಬರೆದದ್ದು ನೋಡಿದರೆ ಯಂತ್ರ ಕೆಟ್ಟಿತ್ತು ಅನಿಸುವುದಿಲ್ಲ, ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಆಕ್ಲೂಷನ್ ಅಂದರೆ ದಾರಿ ಕಟ್ಟಿದೆ, ತಳ್ಳಿದರೂ ಔಷಧಿ ಮುಂದೆ ಹೋಗ್ತಾ ಇಲ್ಲ ಅಂತ.

ಸಿರಿಂಜ್ ಪಂಪಿನ ಒಳಗೆ ಒಂದು ಸಣ್ಣ ಮೋಟರ್ ಇರುತ್ತದೆ. ಅದು ಉದ್ದನೆಯ ಸ್ಕ್ರೂ ತಿರುಗಿಸುತ್ತದೆ, ಸ್ಕ್ರೂ ತಿರುಗಿದ ಹಾಗೆ ಒಂದು ತಳ್ಳುಗೈ ಸಿರಿಂಜಿನ ಹಿಂಭಾಗವನ್ನು ನಿಧಾನಕ್ಕೆ ಒತ್ತುತ್ತದೆ. ಆ ತಳ್ಳುಗೈಯ ಒಳಗೆ ಸೆನ್ಸರ್ ಕೂತಿದೆ. ಎಷ್ಟು ಬಲ ಹಾಕಬೇಕಾಗ್ತಿದೆ ಅಂತ ಅದು ನೋಡ್ತಾ ಇರುತ್ತದೆ. ದಾರಿ ಸಲೀಸಾಗಿದ್ದರೆ ಕಡಿಮೆ ಬಲ ಸಾಕು. ದಾರಿ ಕಟ್ಟಿದರೆ ಬಲ ಏರುತ್ತಾ ಹೋಗುತ್ತದೆ. ಇಟ್ಟ ಮಿತಿ ದಾಟಿದ ಕೂಡಲೇ ಮೋಟರ್ ನಿಲ್ಲುತ್ತದೆ, ಅಲಾರಂ ಕೂಗುತ್ತದೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ, ಕೂಗುವಾಗ ಔಷಧಿ ಹೋಗ್ತಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು, ಯಾಕಂದರೆ ಇದನ್ನು ತುಂಬಾ ಜನ ತಿಳಿದುಕೊಂಡಿಲ್ಲ. ಕೂಗುವ ಮೊದಲೇ ಸ್ವಲ್ಪ ಹೊತ್ತಿನಿಂದ ಅದು ನಿಂತಿತ್ತು. ದಾರಿ ಕಟ್ಟಿದ ಕ್ಷಣಕ್ಕೇ ಒತ್ತಡ ಏರುವುದಿಲ್ಲ. ಸಿರಿಂಜಿನ ರಬ್ಬರ್ ಸ್ವಲ್ಪ ಅದುಮಿಕೊಳ್ಳುತ್ತದೆ, ಕೊಳವೆ ಸ್ವಲ್ಪ ಉಬ್ಬುತ್ತದೆ, ಅಲ್ಲೆಲ್ಲ ಒಂದಿಷ್ಟು ಔಷಧಿ ತುಂಬಿಕೊಂಡ ಮೇಲೆಯೇ ಸೆನ್ಸರಿಗೆ ಗೊತ್ತಾಗುವುದು. ಲೆಕ್ಕಕ್ಕೆ 1 ಮಿಲಿ ಹೀಗೆ ಸಿಕ್ಕಿಕೊಳ್ಳಬೇಕು ಅಂತ ಇಟ್ಟುಕೊಳ್ಳಿ. ಗಂಟೆಗೆ 5 ಮಿಲಿ ಓಡುತ್ತಿದ್ದರೆ ಅಲಾರಂ ಬರಲು 12 ನಿಮಿಷ. ಗಂಟೆಗೆ 1 ಮಿಲಿ ಓಡುತ್ತಿದ್ದರೆ ಪೂರ್ತಿ ಒಂದು ಗಂಟೆ! ಬಿಪಿ ಏರಿಸಲು ಕೊಡುವ ನಾರ್‌ಅಡ್ರಿನಲಿನ್‌ನಂಥ ಔಷಧಿ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೇ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅಂಥ ರೋಗಿಯ ಬಿಪಿಯನ್ನು ಮಾನಿಟರಿನಲ್ಲಿ ಬೇರೆಯಾಗಿ ನೋಡ್ತಾ ಇರುತ್ತಾರೆ. ಪಂಪಿನ ಅಲಾರಂ ಒಂದನ್ನೇ ನಂಬಿ ಯಾರೂ ಕೂರುವುದಿಲ್ಲ, ಕೂರಬಾರದು.

ಮಿತಿಯ ಬಗ್ಗೆಯೂ ಹೇಳ್ತೇನೆ. ಹೆಚ್ಚಿನ ಪಂಪುಗಳಲ್ಲಿ ಎಷ್ಟು ಒತ್ತಡಕ್ಕೆ ಕೂಗಬೇಕು ಅಂತ ನಾವೇ ಇಡಬಹುದು. ಬಿಪಿ ಅಳೆಯುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 300 ಅಂತಲೋ 500 ಅಂತಲೋ ಇಟ್ಟಿರುತ್ತಾರೆ. ಪದೇ ಪದೇ ಕೂಗ್ತಿದೆ ಅಂತ ಮಿತಿ ಏರಿಸಿದರೆ ಸದ್ದು ಕಡಿಮೆಯಾಗುತ್ತದೆ ನಿಜ. ಆದರೆ ದಾರಿ ಕಟ್ಟಿದ್ದು ಗೊತ್ತಾಗಲು ಇನ್ನೂ ತಡವಾಗುತ್ತದೆ. ಇದು ನನಗೆ ಸ್ವಲ್ಪವೂ ಇಷ್ಟವಿಲ್ಲದ ಅಭ್ಯಾಸ.

ಕೆಲ ವರ್ಷಗಳ ಹಿಂದೆ ಒಂದು ಆಸ್ಪತ್ರೆಯಿಂದ ‘ಪಂಪು ಸುಮ್ನೆ ಕೂಗ್ತದೆ, ಬದಲಿಸಿ ಕೊಡಿ’ ಅಂತ ಮೂರನೇ ಸಲ ಫೋನ್ ಬಂತು. ಆಷಾಢದ ಮಳೆ, ಹೆದ್ದಾರಿ ಮೇಲೆ ಎದುರಿನ ಗಾಡಿ ಕಾಣ್ತಿರಲಿಲ್ಲ. ಹೋಗಿ ಮೇಜಿನ ಮೇಲೆ ಪಂಪು ಇಟ್ಟು, ಕೊಳವೆಗೆ ಮೀಟರ್ ಕಟ್ಟಿ ಮೂರು ಬೇರೆ ಬೇರೆ ಮಿತಿಯಲ್ಲಿ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಆಮೇಲೆ ಆ ಮಂಚದ ಹತ್ತಿರವೇ ಹೋಗಿ ನಿಂತು ಕೊಳವೆಯ ಮೇಲೆ ಬೆರಳು ಆಡಿಸುತ್ತಾ ಪಂಪಿನಿಂದ ಕೈವರೆಗೆ ಬಂದೆ. ಮಂಚದ ಪಕ್ಕದ ಕಬ್ಬಿಣದ ಕಂಬಿ ಮಡಚುವ ಜಾಗದಲ್ಲಿ ಕೊಳವೆ ಚಪ್ಪಟೆಯಾಗಿ, ಅಲ್ಲಿ ಒಂದು ಬಿಳಿ ಗೆರೆ ಮೂಡಿತ್ತು. ಕಂಬಿ ಮೇಲೆತ್ತಿದಾಗ ಕೊಳವೆ ಹಿಸುಕಿಕೊಳ್ಳುತ್ತಿತ್ತು. ಸಿಸ್ಟರ್ ನೋಡಲು ಬಂದು ಕಂಬಿ ಇಳಿಸಿದ ಕೂಡಲೇ ಸಡಿಲವಾಗ್ತಿತ್ತು, ಅಲಾರಂ ನಿಲ್ತಿತ್ತು. ಎಲ್ಲರಿಗೂ ಯಂತ್ರದ ಮೇಲೆಯೇ ಅನುಮಾನ, ಯಂತ್ರ ಮಾತ್ರ ನಿಜ ಹೇಳುತ್ತಿತ್ತು.

ಹೆಚ್ಚಿನ ಸಲ ಕಾರಣ ಇಂಥವೇ. ರೋಗಿ ಮೊಣಕೈ ಮಡಚಿದ್ದಾರೆ, ಕೊಳವೆಯ ಮೇಲೆ ಮಲಗಿದ್ದಾರೆ, ಕೊಳವೆಯ ದಾರಿ ತೆರೆದು ಮುಚ್ಚುವ ತ್ರೀ-ವೇ ಅನ್ನೋ ತಿರುಪನ್ನು ತೆರೆಯೋದು ಮರೆತಿದೆ, ಸೂಜಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಕಾರಣ ಹುಡುಕದೆ ಮತ್ತೆ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಕೂಗುತ್ತದೆ. ಜೊತೆಗಿರುವವರು ನೀವು ಬಟನ್ ಮುಟ್ಟಬೇಡಿ, ಕೊಳವೆಯನ್ನು ಎಳೆದು ಬಿಡಿಸಲೂ ಹೋಗಬೇಡಿ. ಸಿಸ್ಟರನ್ನು ಕರೆದು ‘ಕೈ ಮಡಚಿದ್ದರು’, ‘ಇಲ್ಲಿ ಕೊಳವೆ ಸಿಕ್ಕಿಕೊಂಡ ಹಾಗಿದೆ’ ಅಂತ ಕಂಡದ್ದನ್ನು ಹೇಳಿ. ಅದು ಅವರಿಗೆ ದೊಡ್ಡ ಸಹಾಯ. ಒಬ್ಬ ಸಿಸ್ಟರ್ ರಾತ್ರಿ ಎಷ್ಟು ಮಂಚ ನೋಡಬೇಕು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಯಾಕೆ ಎಳೆದು ಬಿಡಿಸಬಾರದು ಅನ್ನೋದಕ್ಕೆ ಮುಂದಿನ ಪತ್ರದಲ್ಲೇ ಒಳ್ಳೆ ಉದಾಹರಣೆ ಇದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಪಂಪಿಗೆ ಮುಳ್ಳಿನ ಮೀಟರ್ ಇದೆ. ಆಸ್ಪತ್ರೆ ಯಂತ್ರದ ಸೆನ್ಸರ್ ಅಂದರೆ ಅದೇ ಥರದ್ದಾ? (ಶಿರಸಿ ಹತ್ತಿರದ ಕೃಷಿಕರು)

ಉತ್ತರ: ಸರಿಯಾಗಿ ಹಿಡಿದಿರಿ. ಕೆಲಸ ಅದೇ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡ್ತೀರಿ ಅಲ್ವಾ, 100 ಲೀಟರ್ ನೀರಿಗೆ ತಲಾ 1 ಕೆಜಿ. ಸುಣ್ಣ ಸರಿಯಾಗಿ ಸೋಸದಿದ್ದರೆ ಕಸ ಹೋಗಿ ನಾಜಲ್‌ನಲ್ಲಿ ಕೂರುತ್ತದೆ. ಆಗ ಏನಾಗುತ್ತದೆ? ಮೇಲೆ ಮರ ಹತ್ತಿದ ಕೊನೆಗೌಡ ‘ಔಷಧಿ ಬರ್ತಿಲ್ಲ’ ಅಂತ ಕೂಗುತ್ತಾನೆ, ಕೆಳಗೆ ಪಂಪಿನ ಮುಳ್ಳು ಮೇಲೇರಿರುತ್ತದೆ, ಪೈಪು ಮುಟ್ಟಿದರೆ ಕಲ್ಲಿನ ಹಾಗೆ ಬಿಗಿ. ಮುಳ್ಳು ನೋಡಿದರೇ ದಾರಿ ಕಟ್ಟಿದ್ದು ಗೊತ್ತಾಗುತ್ತದೆ. ಪೈಪು ಕಳಚಿಕೊಂಡರೆ ಮುಳ್ಳು ಪಟ್ಟನೆ ಕೆಳಗೆ ಬೀಳುತ್ತದೆ.

ಈಗ ಅವನು ನಾಜಲ್ ಬಿಚ್ಚಿದ ಅಂತಿಟ್ಟುಕೊಳ್ಳಿ. ಪೈಪಿನಲ್ಲಿ ಬಿಗಿಯಾಗಿ ನಿಂತಿದ್ದ ಔಷಧಿಯೆಲ್ಲ ಒಮ್ಮೆಲೇ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ. ಆಸ್ಪತ್ರೆಯಲ್ಲಿ ಕೊಳವೆ ಎಳೆದು ಬಿಡಿಸಬೇಡಿ ಅಂದದ್ದು ಇದಕ್ಕೇ. ಉಬ್ಬಿದ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಔಷಧಿ ಒಂದೇ ಏಟಿಗೆ ರಕ್ತಕ್ಕೆ ಹೋಗುತ್ತದೆ. ಗಂಟೆಗೆ 1 ಮಿಲಿಯ ಲೆಕ್ಕದಲ್ಲಿ ಕೊಡುವ ಔಷಧಿ ಒಂದು ಮಿಲಿ ಒಮ್ಮೆಲೇ ನುಗ್ಗಿದರೆ ಒಂದು ಗಂಟೆಯ ಡೋಸು ಒಂದು ಕ್ಷಣದಲ್ಲಿ ಹೋದ ಹಾಗೆ. ಬಿಪಿ, ನಾಡಿ ಎಲ್ಲ ಏರುಪೇರಾಗಬಹುದು. ತಿಳಿದ ಸಿಸ್ಟರ್ ಮೊದಲು ರೋಗಿಯ ಕಡೆಯ ದಾರಿ ಮುಚ್ಚಿ, ಒತ್ತಡವನ್ನು ಹೊರಗೆ ಬಿಟ್ಟು, ಆಮೇಲೆ ಅಡ್ಡಿ ತೆಗೆಯುತ್ತಾರೆ. ಹೊಸ ಪಂಪುಗಳಲ್ಲಿ ಕೆಲವು ಅಲಾರಂ ಆದ ಕೂಡಲೇ ಮೋಟರನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಒತ್ತಡ ತಾವೇ ಇಳಿಸಿಕೊಳ್ಳುತ್ತವೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡು.

ವ್ಯತ್ಯಾಸ ಇರೋದು ಅಳೆಯುವ ರೀತಿಯಲ್ಲಿ. ನಿಮ್ಮ ಮೀಟರಿನ ಒಳಗೆ ಬಾಗಿದ ಹಿತ್ತಾಳೆ ಕೊಳವೆ ಇರುತ್ತದೆ, ಒತ್ತಡಕ್ಕೆ ಅದು ಬಿಚ್ಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ. ಸಿರಿಂಜ್ ಪಂಪಿನಲ್ಲಿ ಮುಳ್ಳಿಲ್ಲ. ಒಂದು ಪುಟ್ಟ ಲೋಹದ ಪಟ್ಟಿ, ಅದರ ಮೇಲೆ ಕೂದಲಿನಷ್ಟು ತೆಳ್ಳಗಿನ ತಂತಿ ಹಾವಿನ ಹಾಗೆ ಅಂಕುಡೊಂಕಾಗಿ ಅಂಟಿಸಿರುತ್ತಾರೆ. ಪಟ್ಟಿ ಬಾಗಿದರೆ ತಂತಿ ಎಳೆದುಕೊಂಡು ಉದ್ದವಾಗುತ್ತದೆ, ತೆಳ್ಳಗಾಗುತ್ತದೆ, ಅದರಲ್ಲಿ ಕರೆಂಟ್ ಹರಿಯುವುದು ಒಂಚೂರು ಕಷ್ಟವಾಗುತ್ತದೆ. ಆ ಒಂಚೂರು ವ್ಯತ್ಯಾಸವನ್ನೇ ಅಳೆದು ಒತ್ತಡ ಲೆಕ್ಕ ಹಾಕುವುದು. ಎಳೆದ ತಂತಿಯಲ್ಲಿ ಹೀಗಾಗುತ್ತದೆ ಅಂತ 1856ರಲ್ಲೇ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದವರು ತೋರಿಸಿದ್ದರು. ನೀವು ಅಡಿಕೆ ಮಾರಲು ಹೋದಾಗ ಚೀಲ ಇಡುವ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲೂ ಇದೇ ಪಟ್ಟಿ, ಇದೇ ತಂತಿ. ಕಾರವಾರದ ಮೀನು ಮಾರ್ಕೆಟಿನ ತಕ್ಕಡಿಯಲ್ಲೂ ಅದೇ.

ಬಲ ಎಷ್ಟಿರುತ್ತದೆ ಅಂತ ಕುತೂಹಲ ಇದ್ದರೆ ಲೆಕ್ಕ ಹೇಳ್ತೇನೆ. 50 ಮಿಲಿ ಸಿರಿಂಜಿನಲ್ಲಿ ಒತ್ತಡ 300 ಆಗಬೇಕಾದರೆ ಹಿಂದಿನಿಂದ ಸುಮಾರು ಎರಡೂವರೆ ಕೆಜಿ ಭಾರ ಇಟ್ಟಷ್ಟು ಒತ್ತಬೇಕು. 10 ಮಿಲಿ ಸಿರಿಂಜಿಗೆ ಮುಕ್ಕಾಲು ಕೆಜಿ ಸಾಕು. ಅದಕ್ಕೇ ಯಾವ ಅಳತೆಯ, ಯಾವ ಕಂಪನಿಯ ಸಿರಿಂಜ್ ಹಾಕಿದ್ದೀರಿ ಅಂತ ಪಂಪಿಗೆ ಸರಿಯಾಗಿ ಹೇಳಬೇಕಾಗುತ್ತದೆ. ತಪ್ಪು ಹೇಳಿದರೆ ಒತ್ತಡದ ಲೆಕ್ಕವೂ ತಪ್ಪು, ಕೊಡುವ ಔಷಧಿಯ ಲೆಕ್ಕವೂ ತಪ್ಪು.

ಪ್ರಶ್ನೆ: ತಂಗಿಗೆ ಹೆರಿಗೆಯಾದ ಮೇಲೆ ಕೈಗೆ ಡ್ರಿಪ್ ಹಾಕಿದ್ದರು, ಯಂತ್ರದ ಮೂಲಕ. ಬೆಳಗ್ಗೆ ನೋಡಿದರೆ ಮುಂಗೈ ಬಾತುಕೊಂಡು ತಣ್ಣಗಾಗಿತ್ತು. ಯಂತ್ರ ಒಮ್ಮೆಯೂ ಕೂಗಲಿಲ್ಲ. ಒತ್ತಡದ ಸೆನ್ಸರ್ ಇದ್ದೂ ಏನು ಪ್ರಯೋಜನ? (ಹೊನ್ನಾವರದ ಓದುಗರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಆದರೆ ಇಲ್ಲಿ ದಾರಿ ಕಟ್ಟಿರಲಿಲ್ಲ, ದಾರಿ ತಪ್ಪಿತ್ತು. ಸೂಜಿ ರಕ್ತನಾಳದಿಂದ ಹೊರಗೆ ಜಾರಿ ಚರ್ಮದ ಕೆಳಗೆ ನೀರು ತುಂಬಿದೆ. ಚರ್ಮದ ಕೆಳಗಿನ ಮೆತ್ತನೆ ಜಾಗ ಸುಲಭಕ್ಕೆ ಹಿಗ್ಗುತ್ತದೆ, ಅಲ್ಲಿ ಒತ್ತಡ ಜಾಸ್ತಿ ಏರುವುದೇ ಇಲ್ಲ. ಪಂಪಿನ ಲೆಕ್ಕದಲ್ಲಿ ಎಲ್ಲ ಸಲೀಸು. 300ಕ್ಕೆ ಕೂಗಬೇಕು ಅಂತ ಇಟ್ಟ ಯಂತ್ರಕ್ಕೆ ಅಂಥ ಸಣ್ಣ ಏರಿಕೆ ಕಾಣುವುದಿಲ್ಲ.

ಯಂತ್ರವಿಲ್ಲದೆ ಸುಮ್ನೆ ಕಂಬಕ್ಕೆ ತೂಗುಹಾಕಿದ ಬಾಟಲಿಯಾಗಿದ್ದರೆ ಹನಿ ನಿಧಾನವಾಗಿ, ಯಾರಾದರೂ ಗಮನಿಸುವ ಸಾಧ್ಯತೆ ಇತ್ತು. ಕೈಗಿಂತ 1 ಮೀಟರ್ ಎತ್ತರದಲ್ಲಿ ಬಾಟಲಿ ಇದ್ದರೆ ಅದರ ಒತ್ತಡ ಪಾದರಸದ ಸುಮಾರು 73 ಮಿಲಿಮೀಟರ್ ಅಷ್ಟೇ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಹಾಗೆ, ಮುಂದೆ ಒಂಚೂರು ತಡೆ ಆದರೂ ಹರಿವು ಸಣ್ಣಗಾಗುತ್ತದೆ. ಪಂಪು ಹಾಗಲ್ಲ, ಸೋಲದೆ ತಳ್ಳುತ್ತದೆ. ಹಾಗಾಗಿ ಪಂಪು ಇದ್ದಾಗಲೇ ಸೂಜಿಯ ಜಾಗವನ್ನು ಹೆಚ್ಚು ನೋಡಬೇಕು. ಬಾವು, ಬಿಗಿತ, ತಣ್ಣಗೆ, ಉರಿ, ನೋವು, ಇದರಲ್ಲಿ ಒಂದು ಕಂಡರೂ ಆಗಲೇ ಕರೆಯಿರಿ, ಬೆಳಗಾಗಲಿ ಅಂತ ಕಾಯಬೇಡಿ. ಕೆಲವು ಔಷಧಿಗಳು ಹೀಗೆ ಹೊರಗೆ ಸೋರಿದರೆ ಚರ್ಮವನ್ನೇ ಸುಡುತ್ತವೆ. ಕೈಯನ್ನು ಹೊದಿಕೆಯ ಒಳಗೆ ಮುಚ್ಚಿಡದೆ ಕಾಣುವ ಹಾಗೆ ಇಟ್ಟುಕೊಳ್ಳಿ.

ಪ್ರಶ್ನೆ: ಆಯಿ ಮೂರು ವರ್ಷದಿಂದ ಇನ್ಸುಲಿನ್ ಪೆನ್ ಬಳಸ್ತಾ ಇದ್ದಾರೆ. ಇತ್ತೀಚೆಗೆ ಬಟನ್ ಒತ್ತೋದು ಕಷ್ಟ ಅಂತಾರೆ. ಸೂಜಿ ತೆಗೆದ ಮೇಲೆ ತುದಿಯಲ್ಲಿ ಹನಿ ನಿಂತಿರುತ್ತದೆ. ಒಂದು ಸೂಜಿ ಹತ್ತು ಹದಿನೈದು ದಿನ ಓಡಿಸ್ತಾರೆ. ಪೆನ್ನಿನಲ್ಲಿ ಸೆನ್ಸರ್ ಇದೆಯಾ? ಪೂರ್ತಿ ಡೋಸ್ ಹೋಗ್ತಿದೆ ಅಂತ ತಿಳಿಯೋದು ಹೇಗೆ? (ಕುಮಟಾದ ಓದುಗರು)

ಉತ್ತರ: ಸಾಮಾನ್ಯ ಪೆನ್ನಿನಲ್ಲಿ ಯಾವ ಸೆನ್ಸರೂ ಇಲ್ಲ. ಒತ್ತಡ ಅಳೆಯುವುದು ಆಯಿಯ ಹೆಬ್ಬೆರಳು ಒಂದೇ, ಮತ್ತು ಅದು ಸರಿಯಾಗಿಯೇ ಹೇಳ್ತಾ ಇದೆ. ಬಟನ್ ಗಟ್ಟಿಯಾಗಿದೆ ಅಂದರೆ ಹೆಚ್ಚಿನ ಸಲ ಸೂಜಿಯ ದಾರಿ ಕಿರಿದಾಗಿದೆ ಅಂತ. ಕೊಳವೆಯ ಒಳಗಿನ ಅಗಲ ಅರ್ಧ ಆದರೆ ಅಷ್ಟೇ ಔಷಧಿಯನ್ನು ಅಷ್ಟೇ ಹೊತ್ತಿನಲ್ಲಿ ತಳ್ಳಲು 16 ಪಟ್ಟು ಒತ್ತಡ ಬೇಕು. ಪೆನ್ನಿನ ಸೂಜಿ ಹೊರಗಿನಿಂದಲೇ ಕಾಲು ಮಿಲಿಮೀಟರ್ ದಪ್ಪ, ಒಳಗಿನ ತೂತು ಇನ್ನೂ ಸಣ್ಣದು. ಬಳಸಿದ ಸೂಜಿಯಲ್ಲಿ ಉಳಿದ ಇನ್ಸುಲಿನ್ ಒಣಗಿ ಕೂತರೆ ಹೇಳೋದೇ ಬೇಡ.

ಒಂದು ಸೂಜಿ ಒಂದೇ ಸಲ ಅನ್ನೋದು ನಿಯಮ. ಖರ್ಚಿನ ಕಷ್ಟ ನನಗೆ ಗೊತ್ತು, ನಮ್ಮ ಆಯಿಯೂ ಪೆನ್ ಬಳಸ್ತಾರೆ. ಆದರೆ ಸೂಜಿಯಲ್ಲಿ ಉಳಿಸಿದ ದುಡ್ಡು, ಡೋಸ್ ಸರಿಯಾಗಿ ಹೋಗದೆ ಶುಗರ್ ಏರಿದರೆ ಎಲ್ಲಿಗೂ ಸಾಲುವುದಿಲ್ಲ. ಸೂಜಿಯನ್ನು ಪೆನ್ನಿಗೆ ಹಾಗೇ ಬಿಟ್ಟಿಡೋದಂತೂ ಬೇಡ. ಬಿಸಿಗೆ ಇನ್ಸುಲಿನ್ ಹಿಗ್ಗಿ ಹೊರಗೆ ಸೋರುತ್ತದೆ, ತಂಪಾದಾಗ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಗಾಳಿಗುಳ್ಳೆ ಸ್ಪಂಜಿನ ಹಾಗೆ. ಬಟನ್ ಒತ್ತಿದಾಗ ಮೊದಲು ಅದು ಅದುಮಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಹಿಗ್ಗುತ್ತಾ ಇನ್ಸುಲಿನ್ ತಳ್ಳುತ್ತದೆ. ಅಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತದೆ, ಉಳಿದದ್ದು ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. 1 ಯೂನಿಟ್ ಅಂದರೆ ಮಿಲಿಯ ನೂರನೇ ಒಂದು ಭಾಗ. ನೀವು ನೋಡಿದ ಆ ಚಿಕ್ಕ ಹನಿಯಲ್ಲೇ ಒಂದೆರಡು ಯೂನಿಟ್ ಇರಬಹುದು.

ಆಯಿಗೆ ಹೀಗೆ ಹೇಳಿ. ಹೊಸ ಸೂಜಿ ಹಾಕಿ ಮೊದಲು 2 ಯೂನಿಟ್ ತಿರುಗಿಸಿ, ಪೆನ್ನನ್ನು ಮೇಲ್ಮುಖ ಮಾಡಿ ಒತ್ತಬೇಕು. ತುದಿಯಲ್ಲಿ ಹನಿ ಕಂಡರೆ ದಾರಿ ತೆರೆದಿದೆ. ಕಾಣದಿದ್ದರೆ ಮತ್ತೊಮ್ಮೆ ಮಾಡಬೇಕು, ಆಗಲೂ ಬರದಿದ್ದರೆ ಸೂಜಿ ಬದಲಿಸಬೇಕು. ಚುಚ್ಚಿ, ಬಟನ್ ಪೂರ್ತಿ ಒತ್ತಿ, ಒತ್ತಿಕೊಂಡೇ ಹತ್ತರವರೆಗೆ ನಿಧಾನ ಎಣಿಸಿ ಆಮೇಲೆ ತೆಗೆಯಬೇಕು. ಹಾಲಿನ ಬಣ್ಣದ ಮಿಶ್ರ ಇನ್ಸುಲಿನ್ ಆಗಿದ್ದರೆ ಮೊದಲು ಅಂಗೈಯಲ್ಲಿ ಉರುಳಿಸಿ, ಮೇಲೆ ಕೆಳಗೆ ಮಾಡಿ ಒಂದೇ ಸಮ ಬಿಳಿ ಆಗುವವರೆಗೆ ಕಲಸಬೇಕು, ಇಲ್ಲದಿದ್ದರೆ ತಳದ ಪುಡಿ ಸೂಜಿಗೆ ಬಂದು ಕಟ್ಟುತ್ತದೆ.

ಸ್ಮಾರ್ಟ್ ಪೆನ್ ಅಂತ ಬಂದಿವೆ, ಫೋನಿಗೆ ಲೆಕ್ಕ ಕಳಿಸುತ್ತವೆ. ಎಷ್ಟು ಯೂನಿಟ್, ಎಷ್ಟು ಗಂಟೆಗೆ ಅಂತ ಬರೆದಿಡುವುದಕ್ಕೆ ತುಂಬಾ ಒಳ್ಳೆಯವು, ‘ಬೆಳಗ್ಗೆ ತಗೊಂಡೆನಾ ಇಲ್ವಾ’ ಅನ್ನೋ ಅನುಮಾನ ಹೋಗುತ್ತದೆ. ಆದರೆ ಅವು ಸಾಮಾನ್ಯವಾಗಿ ನೋಡುವುದು ಪೆನ್ನಿನ ಒಳಭಾಗ ಎಷ್ಟು ತಿರುಗಿತು ಅನ್ನೋದನ್ನು. ಇನ್ಸುಲಿನ್ ಚರ್ಮದ ಒಳಗೆ ಹೋಯ್ತಾ, ಹೊಟ್ಟೆಯ ಮೇಲೆ ಸೋರಿತಾ ಅನ್ನೋದು ಅವಕ್ಕೆ ತಿಳಿಯುವುದಿಲ್ಲ.

ಪ್ರಶ್ನೆ: ಪೆನ್ನಿನ ಇನ್ಸುಲಿನ್ ಖಾಲಿ ಆಗ್ತಾ ಬಂದಾಗ ಸಿರಿಂಜಿನಲ್ಲಿ ಎಳೆದು ಹಾಕಬಹುದಾ? (ಭಟ್ಕಳದ ಓದುಗರು)

ಉತ್ತರ: ಬೇಡ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ 1 ಮಿಲಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನದ್ದು ಸಾಮಾನ್ಯವಾಗಿ 1 ಮಿಲಿಗೆ 100 ಯೂನಿಟ್. ಪೆನ್ನಿನದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10 ಅಂತ ಎಳೆದರೆ ಮೈಗೆ ಹೋಗುವುದು 25. ಯಾವ ಒತ್ತಡದ ಸೆನ್ಸರೂ ಈ ತಪ್ಪನ್ನು ಹಿಡಿಯಲಾರದು.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಟೈಪ್ 1 ಡಯಾಬಿಟಿಸ್. ಸಾಲ ಮಾಡಿ ಇನ್ಸುಲಿನ್ ಪಂಪ್ ಹಾಕಿಸಿದ್ದೇವೆ. ಮೊನ್ನೆ ರಾತ್ರಿ ಮಲಗುವಾಗ ಶುಗರ್ ಚೆನ್ನಾಗಿತ್ತು, ಬೆಳಗ್ಗೆ 380, ವಾಂತಿ ಬೇರೆ. ಹೊಟ್ಟೆಗೆ ಹಾಕಿದ್ದ ಸಣ್ಣ ಕೊಳವೆ ಮಡಚಿಕೊಂಡಿತ್ತು. ಪಂಪು ಅಲಾರಂ ಕೊಡಲೇ ಇಲ್ಲ. ಇಷ್ಟು ದುಡ್ಡು ಕೊಟ್ಟು ತಂದ ಯಂತ್ರ ಯಾಕೆ ಹೇಳಲಿಲ್ಲ? (ಕಾರವಾರದ ತಾಯಿ)

ಉತ್ತರ: ಅಮ್ಮಾ, ಪತ್ರ ಓದಿ ತುಂಬಾ ಹೊತ್ತು ಕೂತೆ. ನೀವು ಮಾಡಿದ್ದರಲ್ಲಿ ತಪ್ಪಿಲ್ಲ. ಈ ವಿಷಯವನ್ನು ಪಂಪ್ ಕೊಡುವಾಗಲೇ ಬಿಡಿಸಿ ಹೇಳಬೇಕಿತ್ತು.

ಮಗು ಮಲಗಿದ್ದಾಗ ಪಂಪು ಗಂಟೆಗೆ ಅರ್ಧ ಯೂನಿಟ್ ಕೊಡುತ್ತಿತ್ತು ಅಂತ ಇಟ್ಟುಕೊಳ್ಳಿ. ಅದು ಎಷ್ಟು ಗೊತ್ತಾ? ಡ್ರಿಪ್ಪಿನ ಒಂದು ಹನಿ ನೀರು ತಗೊಳ್ಳಿ. ಅಂಥ 20 ಹನಿಗೆ 1 ಮಿಲಿ. ಗಂಟೆಗೆ ಅರ್ಧ ಯೂನಿಟ್‌ನ ಲೆಕ್ಕದಲ್ಲಿ ಆ ಒಂದೇ ಒಂದು ಹನಿಯನ್ನು ಒಳಗೆ ಕಳಿಸಲು ಪಂಪಿಗೆ 10 ಗಂಟೆ ಬೇಕು. ಇಷ್ಟು ನಿಧಾನಕ್ಕೆ ತಳ್ಳುವಾಗ ದಾರಿ ಕಟ್ಟಿದರೂ ಒತ್ತಡ ಏರೋದು ಅಷ್ಟೇ ನಿಧಾನ. ಸೆನ್ಸರಿಗೆ ಗೊತ್ತಾಗಲು 2 ಯೂನಿಟ್ ಒಳಗೇ ಸಿಕ್ಕಿಕೊಳ್ಳಬೇಕು ಅಂದರೆ 4 ಗಂಟೆ ಆಯ್ತು. ಮಕ್ಕಳಿಗೆ ಇನ್ನೂ ಕಡಿಮೆ ಇಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು. ಇಡೀ ರಾತ್ರಿ ಅದರಲ್ಲೇ ಕಳೆದುಹೋಗುತ್ತದೆ. ಅಥವಾ ಮಡಚಿದ ಕೊಳವೆಯ ಪಕ್ಕದಿಂದ ಇನ್ಸುಲಿನ್ ಹೊರಗೆ ಜಿನುಗಿದ್ದರೆ ಒತ್ತಡ ಏರುವುದೇ ಇಲ್ಲ, ಅಲಾರಂ ಬರುವುದೇ ಇಲ್ಲ. ಹೊಟ್ಟೆಯ ಮೇಲೆ ಕೊಳವೆ ಹಿಡಿದಿಡುವ ಅಂಟುಪಟ್ಟಿಯ ಹತ್ತಿರ ಮೂಗು ಇಟ್ಟಾಗ ಒಂಥರಾ ಆಸ್ಪತ್ರೆಯ ಔಷಧಿಯ ಘಾಟು ಬಂದರೆ ಸೋರಿದೆ ಅಂತ ಅರ್ಥ. ಇನ್ಸುಲಿನ್‌ಗೆ ಕೆಡದಂತೆ ಸೇರಿಸುವ ಫೀನಾಲ್, ಕ್ರೆಸಾಲ್‌ಗಳ ವಾಸನೆ ಅದು.

ಪಂಪಿನಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ ಇರುತ್ತದೆ, ದಿನವಿಡೀ ನಿಲ್ಲುವ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ. ಆದ್ದರಿಂದ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ, ಏರಲು ಶುರು. ವಾಂತಿ ಬಂದದ್ದು ಅದರಿಂದಲೇ ಇರಬಹುದು. ಇಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡಬೇಡಿ.

ನಿಮ್ಮ ಡಾಕ್ಟರ್ ಹತ್ತಿರ ಕೂತು ಒಂದು ಕ್ರಮವನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಅಡುಗೆ ಮನೆಯ ಗೋಡೆಗೆ ಅಂಟಿಸಿ. ಸಾಮಾನ್ಯವಾಗಿ ಹೇಳುವುದು ಹೀಗೆ: ಕಾರಣವಿಲ್ಲದೆ ಶುಗರ್ 250 ದಾಟಿದರೆ ಕೀಟೋನ್ ನೋಡಬೇಕು. ಪಂಪಿನಿಂದ ಕೊಟ್ಟ ಡೋಸಿಗೂ ಇಳಿಯದಿದ್ದರೆ, ಅಥವಾ ಕೀಟೋನ್ ಕಂಡರೆ, ಮುಂದಿನ ಡೋಸನ್ನು ಪಂಪಿನಿಂದ ಕೊಡದೆ ಪೆನ್ನಿನಲ್ಲೋ ಸಿರಿಂಜಿನಲ್ಲೋ ಕೊಟ್ಟು, ಕೊಳವೆಯ ಸೆಟ್ ಪೂರ್ತಿ ಬದಲಿಸಬೇಕು. ಮನೆಯಲ್ಲಿ ಯಾವಾಗಲೂ ಒಂದು ಪೆನ್ ಇರಲಿ. ಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತೀರಲ್ಲ, ಅದನ್ನು ರಾತ್ರಿ ಮಲಗುವ ಮುಂಚೆ ಮಾಡಬೇಡಿ, ಬೆಳಗ್ಗೆ ಅಥವಾ ಸಂಜೆ ಊಟಕ್ಕೆ ಮೊದಲು ಮಾಡಿ. ಊಟದ ಡೋಸ್ ದೊಡ್ಡದು, ದಾರಿ ಕಟ್ಟಿದ್ದರೆ ಆಗ ಒತ್ತಡ ಬೇಗ ಏರಿ ಪಂಪಿಗೂ ಬೇಗ ಗೊತ್ತಾಗುತ್ತದೆ. ಎರಡು ಗಂಟೆ ಬಿಟ್ಟು ಶುಗರ್ ನೋಡಿದರೆ ನಿಮಗೂ ಗೊತ್ತಾಗುತ್ತದೆ. ಪಂಪಿನ ಸೆನ್ಸರ್ ಕಾಯುವುದು ಕೊಳವೆಯನ್ನು, ಮಗಳನ್ನು ಕಾಯುವುದು ಶುಗರ್ ಮೀಟರ್. ಪಂಪು ವಾಪಸ್ ಕೊಡುವ ಯೋಚನೆ ಮಾತ್ರ ಬೇಡ, ಅದರ ಮಿತಿ ತಿಳಿದು ಬಳಸಿದರೆ ಮಗುವಿಗೆ ದಿನಕ್ಕೆ ಎಷ್ಟೊಂದು ಚುಚ್ಚು ಉಳಿಯುತ್ತದೆ.

ಪ್ರಶ್ನೆ: ಆಂಬುಲೆನ್ಸ್‌ನಲ್ಲಿ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವಾಗ ಗಾಳಿಯ ಒತ್ತಡ ಕಡಿಮೆಯಾಗುತ್ತದಲ್ಲ, ಪಂಪಿನ ಸೆನ್ಸರ್ ಮೋಸ ಹೋಗುವುದಿಲ್ಲವೇ? (ಯಲ್ಲಾಪುರದ ಓದುಗರು)

ಉತ್ತರ: ಒಳ್ಳೆ ಪ್ರಶ್ನೆ. ಸಮುದ್ರದ ಮಟ್ಟದಿಂದ 600 ಮೀಟರ್ ಮೇಲೆ ಹೋದರೆ ಗಾಳಿಯ ಒತ್ತಡ ಪಾದರಸದ ಸುಮಾರು 50 ಮಿಲಿಮೀಟರ್ ಇಳಿಯುತ್ತದೆ. ಆದರೆ ಸಿರಿಂಜ್ ಪಂಪಿನ ಸೆನ್ಸರ್ ನೋಡುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಅಂತ. ಹೊರಗೂ ಒಳಗೂ ಒಟ್ಟಿಗೇ ಇಳಿದರೆ ಅದಕ್ಕೆ ವ್ಯತ್ಯಾಸ ಇಲ್ಲ. ಕೊಳವೆಯಲ್ಲಿ ಗಾಳಿಗುಳ್ಳೆ ಇದ್ದರೆ ಅದು ನೂರಕ್ಕೆ ಏಳರಷ್ಟು ಹಿಗ್ಗಬಹುದು, ಅಷ್ಟೇ. ಘಟ್ಟದಲ್ಲಿ ನಿಜವಾದ ತೊಂದರೆ ಬೇರೆ. ತಿರುವಿನಲ್ಲಿ ಪಂಪು ಜಾರಿ ಕೆಳಗೆ ಮೇಲೆ ಆಗುವುದು, ಕೊಳವೆ ಸ್ಟ್ರೆಚರಿನ ಕೆಳಗೆ ಸಿಕ್ಕುವುದು, ಬ್ಯಾಟರಿ ಅರ್ಧ ದಾರಿಗೇ ಮುಗಿಯುವುದು. ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು, ದಾರಿ ಗಂಟೆಗಟ್ಟಲೆ. ಹೊರಡುವ ಮುಂಚೆ ಬ್ಯಾಟರಿ ಎಷ್ಟಿದೆ ಅಂತ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿನಿ. ಕೊಳವೆ ಕಟ್ಟಿದರೆ ಎಚ್ಚರಿಸುವ ಕಡಿಮೆ ಖರ್ಚಿನ ಪ್ರಾಜೆಕ್ಟ್ ಮಾಡಬೇಕು. ಯಾವ ಸೆನ್ಸರ್ ತಗೊಳ್ಳಲಿ? (ಕಾರವಾರ)

ಉತ್ತರ: ತಂಗಿ, ಸಣ್ಣ ತಕ್ಕಡಿಯಲ್ಲಿ ಬಳಸುವ ಲೋಡ್ ಸೆಲ್, ಅಂದರೆ ಮೇಲೆ ಹೇಳಿದ ತಂತಿ ಅಂಟಿಸಿದ ಪಟ್ಟಿ, ತಗೋ, 5 ಕೆಜಿಯದ್ದು ಸಾಕು. ಜೊತೆಗೆ ಎಚ್‌ಎಕ್ಸ್711 ಬೋರ್ಡು. ಲೋಡ್ ಸೆಲ್ಲಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಅದನ್ನು ಹಿಗ್ಗಿಸಿ 24 ಬಿಟ್ ಅಂಕಿಯಾಗಿ ಕೊಡುವುದು ಆ ಬೋರ್ಡಿನ ಕೆಲಸ. 20 ಮಿಲಿ ಸಿರಿಂಜಿನ ಹಿಂದೆ ಲೋಡ್ ಸೆಲ್ ಇಟ್ಟು ತಳ್ಳು, ಮುಂದೆ ಕೊಳವೆಗೆ ಒಂದು ತ್ರೀ-ವೇ ಹಾಕು. ನೀರು ಮಾತ್ರ ತುಂಬು. ತ್ರೀ-ವೇ ಮುಚ್ಚಿ, ಎಷ್ಟು ಸೆಕೆಂಡಿಗೆ ಎಷ್ಟು ಬಲ ಏರಿತು ಅಂತ ಬರೆ. ಇದನ್ನೇ ಬೇರೆ ಬೇರೆ ವೇಗದಲ್ಲಿ ಮಾಡು. ನಿಧಾನ ತಳ್ಳಿದಷ್ಟೂ ತಡವಾಗಿ ಗೊತ್ತಾಗುವುದು ನಿನ್ನ ಗ್ರಾಫಿನಲ್ಲೇ ಕಾಣುತ್ತದೆ. ನಿನ್ನ ಪ್ರಾಜೆಕ್ಟಿನ ಸತ್ವ ಅದೇ.

ಒಂದೆರಡು ಕಡೆ ಎಡವುತ್ತೀಯ, ಮೊದಲೇ ಹೇಳ್ತೇನೆ. ಸಿರಿಂಜಿನ ರಬ್ಬರ್ ಹೊರಡುವಾಗ ಅಂಟಿಕೊಂಡಿದ್ದು ಆಮೇಲೆ ಜಾರುತ್ತದೆ, ಆಗ ಬಲದ ಅಂಕಿ ಹಾರಾಡುತ್ತದೆ. ಅದನ್ನೇ ದಾರಿ ಕಟ್ಟಿತು ಅಂತ ತಿಳಿಯಬೇಡ, ಒಂದೇ ಅಂಕಿ ನೋಡದೆ ಏರುತ್ತಲೇ ಇದೆಯಾ ಅಂತ ನೋಡು. ಮಧ್ಯಾಹ್ನದ ಸೆಕೆಗೂ ಬೆಳಗ್ಗೆಯ ತಂಪಿಗೂ ಸೊನ್ನೆಯೇ ಜರುಗುತ್ತದೆ, ಪ್ರತಿ ಸಲ ಶುರುವಿನಲ್ಲಿ ಸೊನ್ನೆ ಹೊಂದಿಸು. ತೂಕದ ಬಟ್ಟು ಇಟ್ಟು ಕ್ಯಾಲಿಬ್ರೇಷನ್ ಮಾಡು. ಕಾರವಾರದ ಉಪ್ಪು ಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ, ತಂತಿಗಳನ್ನು ಚುಚ್ಚಿ ಬಿಡಬೇಡ, ಬೆಸುಗೆ ಹಾಕು. ಗ್ಲುಕೋಸ್ ನೀರು ಬಳಸಲೇಬೇಡ. ನನ್ನ ಮೇಜಿಗೆ ಬರುವ ಪಂಪುಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ಚೆಲ್ಲಿದ ಗ್ಲುಕೋಸ್ ಒಣಗಿ ಸೆನ್ಸರನ್ನು ಬೆಲ್ಲದ ಪಾಕದ ಹಾಗೆ ಹಿಡಿದಿಟ್ಟಿರುತ್ತದೆ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ.

ಪ್ರಾಜೆಕ್ಟ್ ಎಷ್ಟೇ ಚೆನ್ನಾಗಿ ಬಂದರೂ ಅದನ್ನು ಯಾರ ಕೈಗೂ ಜೋಡಿಸಬೇಡ. ಕಾಲೇಜಿನಲ್ಲಿ ತೋರಿಸುವಾಗ ಕೊಳವೆಯ ತುದಿ ಒಂದು ಲೋಟದಲ್ಲಿ ಇರಲಿ.